ಟಿವಿ ಹಾಕುವ ಮೊದಲು ಮಕ್ಕಳ ಊಹೆ ಕೇಳಿ

ಪ್ರಶ್ನೆ: ಬೀದರ್ ಪಟ್ಟಣಕ್ಕೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸಿದ್ದಾರೆ. ಯೂಟ್ಯೂಬಿನಲ್ಲಿ ಒಳ್ಳೊಳ್ಳೆಯ ವಿಡಿಯೊ ಹುಡುಕಿ ಹಾಕುತ್ತೇನೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. "ತಿಳೀತಾ?" ಅಂದರೆ ಒಂದೇ ದನಿಯಲ್ಲಿ "ತಿಳೀತ್ರಿ ಮಿಸ್" ಅಂತಾರೆ. ಎರಡು ದಿನ ಬಿಟ್ಟು ಅದನ್ನೇ ಕೇಳಿದರೆ ಮೊದಲಿನ ತಪ್ಪು ಉತ್ತರವೇ ಬರುತ್ತದೆ. ನೆಟ್ ಅನ್ನೂ ನೆಚ್ಚುವಂತಿಲ್ಲ, ಒಳ್ಳೆಯದೆಲ್ಲ ಇಂಗ್ಲಿಷಿನಲ್ಲೇ ಇದೆ. ಯಾವ ಜಾಲತಾಣ ಬಳಸಲಿ, ಹೇಗೆ ಬಳಸಲಿ? ವಾರಕ್ಕೆ ಇಷ್ಟು ಪಿರಿಯಡ್ ಟಿವಿ ಹಾಕಲೇಬೇಕು ಎಂದು ಮುಖ್ಯ ಗುರುಗಳು ಹೇಳುತ್ತಾರೆ. ಅದು ಸರಿಯೇ?

ಉತ್ತರ: ಜಾಲತಾಣಗಳ ಹೆಸರು ಆಮೇಲೆ ಹೇಳುತ್ತೇನೆ. ಮಕ್ಕಳಿಂದ ಮೊದಲಿನ ತಪ್ಪು ಉತ್ತರವೇ ವಾಪಸ್ ಬರುತ್ತಿದೆ ಅಂದಿರಲ್ಲ, ಮೊದಲು ಅದನ್ನು ನೋಡೋಣ. ಏಕೆಂದರೆ ಅದನ್ನು ಬಿಡಿಸಿಕೊಳ್ಳದೆ ನಾನು ಎಷ್ಟು ಹೆಸರು ಕೊಟ್ಟರೂ ನಿಮ್ಮ ತರಗತಿಯಲ್ಲಿ ಆಗುವುದು ಇದೇ.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ 2008ರಲ್ಲಿ ಮುಗಿಸಿದ ಪಿಎಚ್.ಡಿ. ಸಂಶೋಧನೆ ಇದೇ ವಿಷಯದ್ದು. ಮುಂದೆ 'ವೆರಿಟಾಸಿಯಂ' ಎಂಬ ಯೂಟ್ಯೂಬ್ ಚಾನೆಲ್ಲಿನಿಂದ ಹೆಸರಾದವರು ಇವರೇ. ಭೌತಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅವರು ವಿಷಯವನ್ನು ನೇರವಾಗಿ, ಸೊಗಸಾಗಿ ಹೇಳುವ ವಿಡಿಯೊ ತೋರಿಸಿದರು. ಇನ್ನು ಕೆಲವರಿಗೆ ತೋರಿಸಿದ ವಿಡಿಯೊದಲ್ಲಿ ಒಬ್ಬಾತ ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪನ್ನೇ ವಾದಿಸುತ್ತಾನೆ, ಇನ್ನೊಬ್ಬ ಅವನೊಂದಿಗೆ ಜಗ್ಗಾಡುತ್ತಾನೆ. ಮೊದಲ ಗುಂಪಿನವರು "ತುಂಬ ಸ್ಪಷ್ಟವಾಗಿತ್ತು, ಸುಲಭವಾಗಿತ್ತು" ಅಂದರು. ಪರೀಕ್ಷೆಯಲ್ಲಿ ಅವರ ಅಂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ತಮ್ಮ ತಪ್ಪು ಉತ್ತರದ ಬಗ್ಗೆ ಧೈರ್ಯ ಮಾತ್ರ ಏರಿತ್ತು. ಎರಡನೆಯ ಗುಂಪಿನವರು "ಗೊಂದಲವಾಯಿತು" ಅಂದರು. ಅಂಕ ಏರಿದ್ದು ಅವರದೇ.

ನಿಮ್ಮ "ತಿಳೀತ್ರಿ ಮಿಸ್" ಇದೇ ಮೊದಲ ಗುಂಪು. ಮಕ್ಕಳು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ತಿಳಿದಂತೆ ಅನ್ನಿಸಿರುತ್ತದೆ. ಅಮ್ಮ ಜೋಳದ ರೊಟ್ಟಿ ಬಡಿಯುವುದನ್ನು ದಿನಾ ನೋಡುವ ಹುಡುಗನಿಗೂ ಹಾಗೇ ಅನ್ನಿಸುತ್ತದೆ, ಹಿಟ್ಟು ಕೈಗೆ ಬರುವವರೆಗೆ. ಹತ್ತನೆಯ ತರಗತಿಗೆ ಬರುವ ಮಗುವಿನ ತಲೆ ಖಾಲಿ ಇರುವುದಿಲ್ಲ. ಭಾರದ ವಸ್ತು ಬೇಗ ಬೀಳುತ್ತದೆ, ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ, ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ: ಇಂಥ ವಿವರಣೆಗಳನ್ನು ಅದು ತಾನೇ ಕಟ್ಟಿಕೊಂಡಿರುತ್ತದೆ. ಸೊಗಸಾದ ವಿಡಿಯೊ ಆ ವಿವರಣೆಯನ್ನು ಮುಟ್ಟುವುದೇ ಇಲ್ಲ, ಪಕ್ಕದಲ್ಲಿ ಹಾದುಹೋಗುತ್ತದೆ. ಆದ್ದರಿಂದ ಟಿವಿ ಉತ್ತರ ಕೊಡುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ಬರೆದಿಟ್ಟಿರಬೇಕು. ಬಾಯಲ್ಲಿ ಹೇಳಿದರೆ ಸಾಲದು, ಆಮೇಲೆ "ನಾನೂ ಅದನ್ನೇ ಅಂದಿದ್ದೆ" ಎಂದು ಜಾರಿಕೊಳ್ಳುತ್ತಾರೆ. ನನ್ನ ಉತ್ತರದಲ್ಲಿ ನೀವು ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹೇಗೆಂದು ವಿದ್ಯುತ್ತಿನ ಪಾಠ ಹಿಡಿದು ಹೇಳುತ್ತೇನೆ. ಇದಕ್ಕೆ 'ಫೆಟ್' (PhET) ಎಂಬ ಜಾಲತಾಣ ಬೇಕು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು. ಇದರಲ್ಲಿ ನೋಡುವ ವಿಡಿಯೊ ಇಲ್ಲ. ನಾವೇ ತಂತಿ ಜೋಡಿಸಿ, ಸ್ವಿಚ್ ಒತ್ತಿ, ಅಳತೆ ಬದಲಿಸಿ ಆಡಿಸುವ ಸಿಮ್ಯುಲೇಷನ್‌ಗಳಿವೆ. ಎಲ್ಲ ಉಚಿತ, ಹಲವು ಕನ್ನಡದಲ್ಲೂ ಇವೆ. ನಿಮಗೆ ಮುಖ್ಯವಾದದ್ದು ಇನ್ನೊಂದಿದೆ: ಒಂದೊಂದನ್ನೂ ಒಂದು ಫೈಲಾಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ನೆಟ್ ಇಲ್ಲದೆಯೇ ನಡೆಯುತ್ತದೆ. ಮನೆಯಲ್ಲೋ, ನೆಟ್ ಬರುವ ಕಡೆಯೋ ಒಮ್ಮೆ ಕೂತು ನಿಮ್ಮ ಪಾಠಗಳಿಗೆ ಬೇಕಾದವನ್ನು ಇಳಿಸಿಬಿಡಿ.

ವಿದ್ಯುನ್ಮಂಡಲ ಕಟ್ಟುವ ಸಿಮ್ಯುಲೇಷನ್ ತೆರೆಯಿರಿ. ಒಂದು ಬ್ಯಾಟರಿ, ಒಂದು ಬಲ್ಬು ಜೋಡಿಸಿ ಉರಿಸಿ. ಇನ್ನೊಂದು ಬಲ್ಬನ್ನು ಅದೇ ಸಾಲಿನಲ್ಲಿ, ಅಂದರೆ ಸರಣಿಯಲ್ಲಿ, ಸೇರಿಸುವ ಮೊದಲು ಕೈ ನಿಲ್ಲಿಸಿ ಕೇಳಿ: "ಯಾವ ಬಲ್ಬು ಹೆಚ್ಚು ಉರಿಯುತ್ತೆ? ಮೊದಲನೆಯದೋ, ಎರಡನೆಯದೋ, ಎರಡೂ ಒಂದೇ ಸಮನೋ? ಬರೀರಿ." ತರಗತಿಯ ದೊಡ್ಡ ಭಾಗ ಮೊದಲನೆಯದು ಎಂದು ಬರೆದರೆ ಆಶ್ಚರ್ಯಪಡಬೇಡಿ. ಕರೆಂಟು ಮೊದಲ ಬಲ್ಬಿನಲ್ಲಿ ಅರ್ಧ ಖರ್ಚಾಗಿ, ಉಳಿದದ್ದು ಮುಂದಕ್ಕೆ ಹೋಗುತ್ತದೆ ಎಂಬುದು ಎಲ್ಲ ದೇಶದ ಮಕ್ಕಳಲ್ಲೂ ಇರುವ ನಂಬಿಕೆ. "ಕರೆಂಟ್ ಉಳಿಸಿ" ಎಂದು ನಾವೇ ದಿನಾ ಹೇಳುತ್ತೇವಲ್ಲ, ಅವರದೇನು ತಪ್ಪು? ಬರೆದಾದ ಮೇಲೆ ಪಕ್ಕದವರ ಜೊತೆ ಎರಡು ನಿಮಿಷ ವಾದಿಸಲು ಬಿಡಿ. ಗಲಾಟೆಯಾಗಲಿ. ಮುಲ್ಲರ್ ಅವರ ಎರಡನೆಯ ವಿಡಿಯೊದಲ್ಲಿ ಇದ್ದದ್ದೂ ಈ ಗಲಾಟೆಯೇ.

ಆಮೇಲೆ ಜೋಡಿಸಿ. ಎರಡೂ ಸಮನಾಗಿ, ಮೊದಲಿಗಿಂತ ಮಂಕಾಗಿ ಉರಿಯುತ್ತವೆ. ಇಲ್ಲಿ ನಿಲ್ಲಿಸಬೇಡಿ. ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ ಇಡಿ. ಬ್ಯಾಟರಿ 9 ವೋಲ್ಟ್, ಬಲ್ಬುಗಳು ತಲಾ 10 ಓಮ್ ಇಟ್ಟಿದ್ದರೆ ಮೂರೂ ಕಡೆ 0.45 ಆಂಪಿಯರ್ ತೋರಿಸುತ್ತದೆ. ಒಂದೇ ಬಲ್ಬು ಇದ್ದಾಗ 0.9 ಇತ್ತು. ಪ್ರವಾಹ ಎಲ್ಲೂ ಖರ್ಚಾಗಿಲ್ಲ, ಇಡೀ ಮಂಡಲದಲ್ಲೇ ಕಡಿಮೆಯಾಗಿದೆ. ಹಾಗಾದರೆ ಖರ್ಚಾಗುವುದು ಏನು? ಈ ಪ್ರಶ್ನೆ ನಿಮ್ಮಿಂದ ಬರುವ ಮೊದಲು ಯಾವುದೋ ಬೆಂಚಿನಿಂದ ಬಂದರೆ ಆವತ್ತಿನ ಪಾಠ ಗೆದ್ದಂತೆ. ವಿಭವಾಂತರ, ಶಕ್ತಿ ಎಂಬ ಮಾತುಗಳಿಗೆ ಆಗ ಜಾಗ ಸಿಗುತ್ತದೆ.

ಮಾರನೆಯ ದಿನ ಟಿವಿ ಆಫ್ ಮಾಡಿ ನಿಜವಾದ ಶೆಲ್ಲು, ಬಲ್ಬು, ತಂತಿ ಕೊಡಿ. ಸಿಮ್ಯುಲೇಷನ್‌ನಲ್ಲಿ ತಂತಿ ಸಡಿಲವಾಗುವುದಿಲ್ಲ, ಶೆಲ್ಲು ಮುಗಿಯುವುದಿಲ್ಲ, ಎಲ್ಲ ಬಲ್ಬೂ ಒಂದೇ ತರ. ಪ್ರಪಂಚ ಹಾಗಿಲ್ಲ ಎಂಬುದೂ ವಿಜ್ಞಾನದ ಪಾಠವೇ. ಎರಡು ಬಲ್ಬು ಸಮನಾಗಿ ಉರಿಯದಿದ್ದರೆ ಅವನ್ನು ಅದಲುಬದಲು ಮಾಡಿ ನೋಡಲು ಹೇಳಿ. ಮಂಕಾಗಿದ್ದದ್ದು ಜಾಗ ಬದಲಿಸಿದರೂ ಮಂಕಾಗಿಯೇ ಉಳಿದರೆ ದೋಷ ಬಲ್ಬಿನದು, ಜಾಗದ್ದಲ್ಲ. ಒಂದು ಎಚ್ಚರಿಕೆ: ಈಗ ಅಂಗಡಿಯಲ್ಲಿ ಸಿಗುವ ಟಾರ್ಚ್ ಬಲ್ಬುಗಳು ಹೆಚ್ಚಾಗಿ ಎಲ್‌ಇಡಿ. ಅದಕ್ಕೆ ಬಣ್ಣಕ್ಕೆ ತಕ್ಕಂತೆ ಒಂದಕ್ಕೇ ಸುಮಾರು 2ರಿಂದ 3 ವೋಲ್ಟ್ ಬೇಕು, ಉಲ್ಟಾ ಜೋಡಿಸಿದರೆ ಉರಿಯುವುದೂ ಇಲ್ಲ. ಎರಡನ್ನು ಸರಣಿಯಲ್ಲಿಟ್ಟು ಎರಡು ಶೆಲ್ಲು ಹಾಕಿದರೆ ಕತ್ತಲೆ, ನಿಮ್ಮ ಪಾಠವೂ ಕತ್ತಲೆ. ತಂತಿಯುಳ್ಳ ಹಳೆಯ ಬಲ್ಬನ್ನೇ ಹುಡುಕಿ ತನ್ನಿ. ಇನ್ನೊಂದು: ಸಿಮ್ಯುಲೇಷನ್‌ನಲ್ಲಿ ಶಾರ್ಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತುವ ಚಿತ್ರ ಬರುತ್ತದೆ, ಹುಡುಗರಿಗೆ ಅದೇ ದೊಡ್ಡ ಮೋಜು. ಮನೆಯ ಪ್ಲಗ್ಗು, ಇನ್ವರ್ಟರ್ ಬ್ಯಾಟರಿ ಹತ್ತಿರ ಹೋಗಬಾರದೆಂದು ಅದನ್ನು ತೋರಿಸುವಾಗಲೇ ಗಟ್ಟಿಯಾಗಿ ಹೇಳಿ. ತೆರೆಯ ಮೇಲೆ ಓಡುವ ನೀಲಿ ಗುಂಡುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಎಲೆಕ್ಟ್ರಾನಿಗೆ ಬಣ್ಣವಿಲ್ಲ, ತಂತಿಯಲ್ಲಿ ಅವು ಮುಂದಕ್ಕೆ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ಹಾಗಾದರೆ ವಿಡಿಯೊ ಬೇಡವೇ? ಬೇಕು, ತರಗತಿಗೆ ತರಲಾಗದ್ದಕ್ಕೆ ಮಾತ್ರ. ಹೆಸರುಕಾಳು ಮೊಳೆಯುವುದನ್ನು ಟಿವಿಯಲ್ಲಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಒದ್ದೆ ಬಟ್ಟೆ, ಒಂದು ಹಿಡಿ ಕಾಳು ಯಾವ ಮನೆಯಲ್ಲಿಲ್ಲ? ಜ್ವಾಲಾಮುಖಿ, ಕೋಶ ವಿಭಜನೆ, ಹೃದಯದ ಕವಾಟ ಇವಕ್ಕೆ ವಿಡಿಯೊ ಸರಿ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 1971ರ ಆಗಸ್ಟ್ 2ರದು. ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಡೇಗೆಯ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಡುತ್ತಾರೆ. ನಾಸಾದ ತಾಣದಲ್ಲಿ ಉಚಿತವಾಗಿ ಸಿಗುವ, ಒಂದು ನಿಮಿಷವೂ ಇಲ್ಲದ, ಮಸುಕಾದ ತುಣುಕು. ಅದಕ್ಕೂ ಮುಂಚೆ ತರಗತಿಯಲ್ಲಿ ನೋಟ್‌ಬುಕ್ಕನ್ನೂ ಹಾಳೆಯನ್ನೂ ಬೀಳಿಸಿ. ಆಮೇಲೆ ಹಾಳೆಯನ್ನು ನೋಟ್‌ಬುಕ್ಕಿನ ಮೇಲಿಟ್ಟು ಬೀಳಿಸಿ. ಸ್ಕಾಟ್ ಕೈ ಬಿಡುವ ಕ್ಷಣಕ್ಕೆ ಸರಿಯಾಗಿ ವಿಡಿಯೊ ನಿಲ್ಲಿಸಿ ಊಹೆ ಬರೆಸಿ, ಮುಂದಕ್ಕೆ ಬಿಡಿ. ಎರಡೂ ಒಟ್ಟಿಗೆ ನೆಲ ಮುಟ್ಟುವುದನ್ನು ನೋಡಿದ ತರಗತಿ ಇನ್ನೊಮ್ಮೆ ಹಾಕಿ ಎಂದು ಕೇಳದಿದ್ದರೆ ಕೇಳಿ.

ಇಂಗ್ಲಿಷಿನ ಕಷ್ಟಕ್ಕೆ ಮದ್ದೂ ಇಲ್ಲೇ ಇದೆ. ದನಿ ಮುಚ್ಚಿಬಿಡಿ. ಚಿತ್ರ ಓಡಲಿ, ಮಾತು ನಿಮ್ಮದಾಗಲಿ, ಬೀದರ್ ಕನ್ನಡದಲ್ಲೇ ಆಗಲಿ. ಮೂರು ನಿಮಿಷಕ್ಕಿಂತ ಉದ್ದದ ವಿಡಿಯೊವನ್ನು ಒಂದೇ ಉಸಿರಿಗೆ ತೋರಿಸಬೇಡಿ, ತುಂಡು ಮಾಡಿ. ಮುಂಚೆ ನೀವೊಮ್ಮೆ ಪೂರ್ತಿ ನೋಡಿ ಎಲ್ಲಿ ನಿಲ್ಲಿಸಬೇಕೆಂದು ಗುರುತು ಹಾಕಿಕೊಂಡಿದ್ದರೆ ಅರ್ಧ ತಯಾರಿ ಮುಗಿದಂತೆ.

ಕನ್ನಡದಲ್ಲೇ ಏನಿದೆ ಎಂದರೆ, ಮೊದಲಿಗೆ ನಿಮ್ಮ ಪಠ್ಯಪುಸ್ತಕದಲ್ಲೇ ಇರುವ ಕ್ಯೂಆರ್ ಕೋಡ್. ಅದು 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ'ಗೆ ಕರೆದೊಯ್ಯುತ್ತದೆ, ಅಲ್ಲಿನದನ್ನು ಆ್ಯಪಿನಲ್ಲೇ ಇಳಿಸಿಟ್ಟುಕೊಳ್ಳಬಹುದು. ಗುಣಮಟ್ಟ ಒಂದೇ ತೆರನಾಗಿಲ್ಲ, ಕೆಲವು ಬರೀ ಪಠ್ಯವನ್ನೇ ಓದಿ ಹೇಳುತ್ತವೆ. ಅಂಥದ್ದನ್ನು ದಾಟಿ ಹೋಗಿ. ಖಾನ್ ಅಕಾಡೆಮಿಗೆ ಕನ್ನಡದ ತಾಣವಿದೆ. ಅಭ್ಯಾಸದ ಲೆಕ್ಕಗಳಿಗೆ ಅದು ಒಳ್ಳೆಯದು, ಹೊಸ ಪರಿಕಲ್ಪನೆ ಪರಿಚಯಿಸಲು ನಾನು ಅದನ್ನು ಬಳಸೆನು. ಶಿಕ್ಷಕರಿಗೆಂದೇ ಇರುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣದಲ್ಲಿ ಪಾಠವಾರು ಚಟುವಟಿಕೆಗಳಿವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಹೊರತರುವ ವಿಜ್ಞಾನ ಶಿಕ್ಷಕರ ಪತ್ರಿಕೆ 'ಐ ವಂಡರ್' ಕನ್ನಡಕ್ಕೂ ಬರುತ್ತದೆ. ಅದು ಮಕ್ಕಳಿಗಲ್ಲ, ನಿಮಗೆ. ಇನ್ನು ಅರವಿಂದ ಗುಪ್ತ ಅವರ ತಾಣ. ಕಾನ್ಪುರದ ಐಐಟಿಯಲ್ಲಿ ಓದಿ, ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೇ ಚಪ್ಪಲಿಗಳಿಂದ ವಿಜ್ಞಾನದ ಆಟಿಕೆ ಮಾಡಿದವರು; 2018ರಲ್ಲಿ ಪದ್ಮಶ್ರೀ ಬಂತು. ಅವರ ವಿಡಿಯೊಗಳು ಚಿಕ್ಕವು, ನೋಡಿದವರ ಕೈ ಸುಮ್ಮನಿರುವುದಿಲ್ಲ. ನೆಟ್‌ನಲ್ಲಿರುವ ವಸ್ತುವಿಗೆ ನನ್ನ ಅಳತೆಗೋಲೇ ಅದು: ಮುಗಿದ ಮೇಲೆ ಮಕ್ಕಳು ಎದ್ದು ಏನಾದರೂ ಮಾಡುತ್ತಾರಾ?

ಎದ್ದು ಮಾಡುವಂಥದ್ದು ಒಂದನ್ನು ಬೀದರಿನವರಾದ ನಿಮಗೇ ಹೇಳಬೇಕು, ಬೇರೆ ಜಿಲ್ಲೆಯವರಿಗೆ ಈ ಅನುಕೂಲ ಇಷ್ಟಿಲ್ಲ. ಆನ್‌ಲೈನ್ ನಕಾಶೆ ತೆರೆದು ಬೀದರ್ ಮತ್ತು ಬೆಂಗಳೂರಿನ ಅಕ್ಷಾಂಶ, ರೇಖಾಂಶ ನೋಡಿ. ರೇಖಾಂಶ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 77.5 ಡಿಗ್ರಿ ಪೂರ್ವದ ಆಸುಪಾಸು. ಒಂದು ಇನ್ನೊಂದರ ನೇರ ಉತ್ತರಕ್ಕಿದೆ. ಅಕ್ಷಾಂಶ ಮಾತ್ರ ಬೆಂಗಳೂರಿನದು ಸುಮಾರು 13, ಬೀದರಿನದು ಸುಮಾರು 17.9. ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವ ನಮ್ಮ ಇಡೀ ರಾಜ್ಯದಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಬೆಂಗಳೂರಿಗೆ ಇದು ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ. ಭಾರತೀಯ ಖಗೋಳ ಸಂಘದವರ ಶೂನ್ಯ ನೆರಳಿನ ದಿನದ ಪುಟದಲ್ಲಿ ನಿಮ್ಮ ಊರಿನ ದಿನವೂ ಸಿಗುತ್ತದೆ. ಬೀದರಿಗೆ ಎರಡನೆಯದು ಆಗಸ್ಟ್ ಆರಂಭಕ್ಕೇ ಬರುತ್ತದೆ.

ಈ ಎರಡು ಊರಿನ ನೆರಳು ಹಿಡಿದು ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು. ಬೆಂಗಳೂರಿನ ಏಪ್ರಿಲ್ ದಿನ ಬೇಸಿಗೆ ರಜೆಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅಲ್ಲಿನ ಆಗಸ್ಟ್ 18 ಹಿಡಿಯಿರಿ. ಮೋಡ ಕವಿದರೆ ಒಂದೆರಡು ದಿನ ಹಿಂದೆಮುಂದೆ ಆದರೂ ಕೆಲಸ ನಡೆಯುತ್ತದೆ, ಲೆಕ್ಕ ಸ್ವಲ್ಪ ಕೆಡುತ್ತದೆ ಅಷ್ಟೆ. ಬೆಂಗಳೂರಿನ ಯಾವುದಾದರೂ ಶಾಲೆಯವರು ಅಲ್ಲಿ ನೆರಳು ಮಾಯವಾದದ್ದನ್ನು ನೋಡಲಿ. ಅದೇ ಹೊತ್ತಿಗೆ, ಅಂದರೆ ಮಧ್ಯಾಹ್ನ 12 ಗಂಟೆ 23 ನಿಮಿಷದ ಸುಮಾರಿಗೆ, ನಿಮ್ಮ ಅಂಗಳದಲ್ಲಿ ತೂಕದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲಿಗೆ ಉತ್ತರ ದಿಕ್ಕಿನಲ್ಲಿ ಸುಮಾರು 8.6 ಸೆಂಟಿಮೀಟರ್ ನೆರಳು ಇರುತ್ತದೆ. ಮಕ್ಕಳಿಗೆ ಈ ಸಂಖ್ಯೆಯನ್ನು ಮೊದಲೇ ಹೇಳಬೇಡಿ! ಕೋಲು, ನೆರಳು ಸೇರಿ ಆಗುವ ತ್ರಿಕೋನದಿಂದ ಕೋನ ಹುಡುಕಿದರೆ ಹೆಚ್ಚುಕಡಿಮೆ 5 ಡಿಗ್ರಿ. ಹತ್ತನೆಯ ತರಗತಿಯ ಗಣಿತದಲ್ಲಿ ತ್ರಿಕೋನಮಿತಿ ಇದ್ದೇ ಇದೆ, ಒಂಬತ್ತರವರು ಹಾಳೆಯಲ್ಲಿ ಅಳತೆಗೆ ಬರೆದು ಕೋನಮಾಪಕ ಇಡಲಿ. ನಕಾಶೆಯಲ್ಲಿ ಎರಡೂ ಊರಿನ ನಡುವಿನ ನೇರ ದೂರ ಅಳೆಯಿರಿ, ಬಸ್ಸಿನ ದೂರ ಅಲ್ಲ: ಸುಮಾರು 550 ಕಿಲೋಮೀಟರ್. 5 ಡಿಗ್ರಿಗೆ 550 ಆದರೆ 360 ಡಿಗ್ರಿಗೆ? 39,600 ಕಿಲೋಮೀಟರ್. ಧ್ರುವಗಳ ಮೂಲಕ ಸುತ್ತಿದರೆ ಭೂಮಿಯ ಸುತ್ತಳತೆ ಸುಮಾರು 40,000. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಮಾಡಿದ ಲೆಕ್ಕ ಇದೇ.

ಆದರೆ ನಿಮ್ಮ ಮಕ್ಕಳಿಗೆ ಮೊದಲ ಸಲವೇ 39,600 ಬರುವುದಿಲ್ಲ. ನೆರಳನ್ನು ಒಂದು ಸೆಂಟಿಮೀಟರ್ ಹೆಚ್ಚು ಅಳೆದರೆ ಉತ್ತರ 36,000ಕ್ಕೆ ಇಳಿಯುತ್ತದೆ, ಒಂದು ಸೆಂಟಿಮೀಟರ್ ಕಡಿಮೆ ಅಳೆದರೆ 45,000 ದಾಟುತ್ತದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ, ಆದ್ದರಿಂದ ನೆರಳಿನ ತುದಿಯೇ ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಇದನ್ನು ಹೇಗೆ ಸರಿಮಾಡುವುದು ಎಂಬ ಚರ್ಚೆಗೆ ಒಂದು ಪೂರ್ತಿ ಪಿರಿಯಡ್ ಕೊಡಿ. ಕೋಲಿನ ತುದಿಗೆ ತೂತಿರುವ ರಟ್ಟು ಕಟ್ಟಿ, ನೆಲದ ಮೇಲೆ ಬೀಳುವ ಬೆಳಕಿನ ಬಿಲ್ಲೆಯ ನಡುಭಾಗಕ್ಕೆ ಅಳೆಯಬಹುದು, ಎರಡು ಮೀಟರ್ ಕೋಲು ತರಬಹುದು. ಇವೆರಡೂ ಅವರಿಗೇ ಹೊಳೆಯುವ ಸಾಧ್ಯತೆ ಇದೆ, ಕಾಯಿರಿ.

ಚಂದ್ರನ ಕಲೆಗಳಿಗೂ, ಅಂದರೆ ಅವನು ಹಿಗ್ಗಿ ಕುಗ್ಗುವುದಕ್ಕೂ, ಇಂಥದೇ ದಾರಿ ಇದೆ, ಚಿಕ್ಕದು. ಗೋಡೆಯ ಕ್ಯಾಲೆಂಡರಿನಲ್ಲಿ ಕೃಷ್ಣ ಪಕ್ಷದ ಅಷ್ಟಮಿ ನೋಡಿಕೊಳ್ಳಿ. ಆವತ್ತು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಶ್ಚಿಮದ ಆಕಾಶದಲ್ಲಿ ಅರ್ಧ ಚಂದ್ರ ಇನ್ನೂ ಇರುತ್ತಾನೆ. ಬಿಸಿಲಲ್ಲಿ ನಿಂತು ಒಂದು ಬಿಳಿ ಚೆಂಡನ್ನು ಚಂದ್ರನ ದಿಕ್ಕಿಗೆ ಹಿಡಿದರೆ ಚೆಂಡಿನ ಮೇಲೂ ಅದೇ ಅರ್ಧ ಬೆಳಕು, ಅದೇ ಬದಿಗೆ. ಭೂಮಿಯ ನೆರಳು ಎಂದು ಬರೆದಿದ್ದವರ ಮುಖ ಆಗ ನೋಡಬೇಕು. 'ಸ್ಟೆಲೇರಿಯಂ' ಎಂಬ ಉಚಿತ ತಂತ್ರಾಂಶದಲ್ಲಿ ಅದೇ ದಿನಾಂಕ, ಅದೇ ಊರು ಹಾಕಿ ಉಳಿದ ತಿಥಿಗಳನ್ನು ಒಳಗೆ ಕೂತು ಓಡಿಸಿ.

ಮಕ್ಕಳ ಮನೆಯ ಫೋನಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಡಿಯೊದ ಲಿಂಕನ್ನು ಮನೆಗೆಲಸವಾಗಿ ಕಳಿಸಬೇಡಿ. ಮನೆಗೊಂದೇ ಫೋನ್, ಅದು ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತದೆ, ಹೆಣ್ಣುಮಕ್ಕಳ ಕೈಗೆ ಬರುವುದು ಇನ್ನೂ ಕಡಿಮೆ. ಲಿಂಕ್ ನೋಡದ ಮಗು ಮರುದಿನ ತರಗತಿಯಲ್ಲಿ ತಪ್ಪಿತಸ್ಥನಂತೆ ಕೂರುತ್ತದೆ. ವಾಟ್ಸ್ಆ್ಯಪ್ ಬಳಸುವುದಾದರೆ ಹೀಗೆ ಬಳಸಿ: ಆಯಸ್ಕಾಂತ ಅಂಟಿಸಿದ ಫ್ಯಾನ್ ಕರೆಂಟಿಲ್ಲದೆ ತಿರುಗುತ್ತದೆ ಎಂಬಂಥ ವಿಡಿಯೊ ಯಾವ ಗುಂಪಿನಲ್ಲಾದರೂ ಬಂದೇ ಬಂದಿರುತ್ತದೆ. ಅದನ್ನು ಟಿವಿಗೆ ಹಾಕಿ, ಶಕ್ತಿ ಎಲ್ಲಿಂದ ಬಂತು, ಬ್ಯಾಟರಿಯನ್ನು ಎಲ್ಲಿ ಬಚ್ಚಿಟ್ಟಿರಬಹುದು ಎಂದು ಮಕ್ಕಳಿಂದಲೇ ಪತ್ತೆದಾರಿ ಮಾಡಿಸಿ. ಶಕ್ತಿ ಸಂರಕ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ. ಎಐ ಆ್ಯಪುಗಳ ಮಾತೂ ಹಾಗೇ. ಅವು ತಪ್ಪನ್ನೂ ಸರಾಗವಾಗಿ, ಅನುಮಾನ ಬಾರದಂತೆ ಬರೆಯುತ್ತವೆ. ಮಕ್ಕಳ ಪ್ರಾಜೆಕ್ಟ್ ಬರೆಸಲು ಬೇಡ. ನಿಮ್ಮ ಪಾಠಕ್ಕೆ ಊಹೆಯ ಪ್ರಶ್ನೆಗಳನ್ನು ಮಾಡಿಕೊಳ್ಳಲು ಬಳಸಿ, ಒಂದೊಂದನ್ನೂ ಪಠ್ಯದೊಂದಿಗೆ ತಾಳೆ ನೋಡಿ.

ಮುಖ್ಯ ಗುರುಗಳ ಲೆಕ್ಕದ ಬಗ್ಗೆ. ಅವರ ಮೇಲೂ ವರದಿ ಕೊಡುವ ಒತ್ತಡ ಇರುತ್ತದೆ, ಟಿವಿ ಕೊಡಿಸಿದ ಹಳೆ ವಿದ್ಯಾರ್ಥಿಗಳಿಗೂ ಅದು ಧೂಳು ತಿನ್ನುತ್ತಿಲ್ಲ ಎಂದು ತಿಳಿಯಬೇಕು. ಹಾಗಾಗಿ ಜಗಳ ಬೇಡ. ಆದರೆ ಪಿರಿಯಡ್ ಎಣಿಸುವುದು ತಪ್ಪು ಲೆಕ್ಕ. ಚಂದ್ರನ ಸುತ್ತಿಗೆಗೆ ಟಿವಿ ಬೇಕಾದದ್ದು ಒಂದು ನಿಮಿಷ, ನೆರಳಿನ ಅಳತೆಗೆ ನಕಾಶೆ ತೋರಿಸಲು ಐದು ನಿಮಿಷ. ವರದಿಯಲ್ಲಿ ನಿಮಿಷದ ಬದಲು ಎರಡು ಅಂಕಣ ಮಾಡಿ: ಪಾಠಕ್ಕೆ ಮೊದಲು ಎಷ್ಟು ಮಕ್ಕಳ ಊಹೆ ಸರಿಯಿತ್ತು, ಎರಡು ವಾರ ಬಿಟ್ಟು ಅದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳಿದಾಗ ಎಷ್ಟು ಮಕ್ಕಳದು ಸರಿಯಾಯಿತು. ಮರುದಿನವೇ ಕೇಳಬೇಡಿ, ಮರುದಿನ ಎಲ್ಲರಿಗೂ ನೆನಪಿರುತ್ತದೆ. ಒಂದು ಟರ್ಮಿನಲ್ಲಿ ಐದಾರು ಪಾಠಕ್ಕೆ ಹೀಗೆ ಮಾಡಿದರೆ ಟಿವಿ ಎಲ್ಲಿ ಕೆಲಸಕ್ಕೆ ಬಂತು, ಎಲ್ಲಿ ಬರಲಿಲ್ಲ ಎಂದು ನಿಮ್ಮಿಬ್ಬರಿಗೂ ಕಾಣುತ್ತದೆ. ಮುಂದಿನ ವರ್ಷ ಯಾವ ಪಾಠಕ್ಕೆ ಅದನ್ನು ಹಾಕಬೇಕೆಂಬುದನ್ನು ಆ ಕಾಗದ ನೋಡಿ ನಿರ್ಧರಿಸಿ.